ಬಿಟ್ಟ ಓಟ ಮತ್ತೆ ಶುರು ಮಾಡುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಕಾರವಾರದ ಟ್ಯಾಗೋರ್ ಬೀಚಿನಲ್ಲಿ ಬೆಳಿಗ್ಗೆ ಓಡುವವರಲ್ಲಿ ನಾನೂ ಒಬ್ಬಳು. ಶಾಲೆಯಲ್ಲಿ ಪಾಠ ಮಾಡುತ್ತೇನೆ, ಹಾಗಾಗಿ ಇಲ್ಲಿ ಎಲ್ಲರಿಗೂ ನಾನು ಅಕ್ಕೋರು. ಪಾದದ ಮೂಳೆಯಲ್ಲಿ ಬಿರುಕು ಬಿಟ್ಟು ಸುಮಾರು ತಿಂಗಳು ಮನೆಯಲ್ಲೇ ಕೂತಿದ್ದೆ. ಮತ್ತೆ ಓಡಲು ಶುರು ಮಾಡಿದ ಮೇಲೆ ಕೇಳುವವರು ಜಾಸ್ತಿಯಾದರು. ಮೊಣಕಾಲು ಕೆಟ್ಟವರು, ಡೆಂಗೀ ಬಂದು ಎದ್ದವರು, ಹೆರಿಗೆಯಾದವರು, ಸುಮ್ನೆ ಬೇಜಾರಾಗಿ ಬಿಟ್ಟವರು. ಬೀಚಿನಲ್ಲಿ, ಫೋನಿನಲ್ಲಿ, ಮದುವೆ ಊಟದ ಪಂಕ್ತಿಯಲ್ಲಿ ಕೂಡ ಕೇಳುತ್ತಾರೆ. ಪದೇ ಪದೇ ಬಂದ ಪ್ರಶ್ನೆಗಳನ್ನು ಅವರವರ ಮಾತಿನಲ್ಲೇ ಇಟ್ಟಿದ್ದೇನೆ. ನಾನು ಡಾಕ್ಟರ್ ಅಲ್ಲ. ಡಾಕ್ಟರ ಹತ್ತಿರ ಹೋಗಬೇಕಾದ ಕಡೆ ಹೋಗಿ ಅಂತಲೇ ಬರೆದಿದ್ದೇನೆ.

## ಶುರುವಿನ ಪ್ರಶ್ನೆಗಳು

"ಡಾಕ್ಟರು ಓಡಬಹುದು ಅಂದ್ರು, ಕಾಲೂ ಸರಿ ಇದೆ. ಆದ್ರೆ ಬೆಳಿಗ್ಗೆ ಏಳೋಕೆ ಮನಸ್ಸೇ ಆಗ್ತಿಲ್ಲ. ಯಾಕೆ?"

ಕಾಲು ವಾಸಿಯಾಗುವುದು ಒಂದು, ಆ ಕಾಲನ್ನು ಮತ್ತೆ ನಂಬುವುದು ಇನ್ನೊಂದು. ಎರಡೂ ಒಂದೇ ದಿನ ಆಗುವುದಿಲ್ಲ. ಪೆಟ್ಟು ಬಿದ್ದ ಜಾಗವನ್ನು ಮಿದುಳು ಬಹಳ ದಿನ ಕಾಯುತ್ತಲೇ ಇರುತ್ತದೆ, ಸಣ್ಣ ಸೆಳೆತಕ್ಕೂ ಹೆದರಿಸುತ್ತದೆ. ಜೊತೆಗೆ ಯಾರೂ ಬಾಯಿಬಿಟ್ಟು ಹೇಳದ ಇನ್ನೊಂದು ಸಂಗತಿ ಇದೆ. ಮೊದಲು ಮಾತಾಡುತ್ತಾ ಐದಾರು ಕಿಲೋಮೀಟರ್ ಓಡುತ್ತಿದ್ದವರಿಗೆ ಈಗ ಒಂದು ಕಿಲೋಮೀಟರಿಗೇ ಏದುಸಿರು ಬರುತ್ತದೆ ಅಂತ ಚೆನ್ನಾಗಿ ಗೊತ್ತಿರುತ್ತದೆ, ಆ ಸ್ಥಿತಿಯಲ್ಲಿ ತಮ್ಮನ್ನು ತಾವೇ ನೋಡಿಕೊಳ್ಳಲು ಇಷ್ಟ ಇರುವುದಿಲ್ಲ. ಅದಕ್ಕೇ ಹಾಸಿಗೆ ಬಿಡಲು ಆಗುವುದಿಲ್ಲ. ಮನೆಯವರು ಸೋಮಾರಿ ಅಂತಾರೆ, ಪಾಪ, ಅವರಿಗೇನು ಗೊತ್ತು.

ನಾನು ಹೇಳುವುದು ಇಷ್ಟು. ಮೊದಲ ವಾರ ಓಡಲೇಬೇಡಿ. ಮೊದಲು ಹೋಗುತ್ತಿದ್ದ ಹೊತ್ತಿಗೇ ಎದ್ದು, ಅದೇ ಬೂಟು ಹಾಕಿ, ಅದೇ ಜಾಗಕ್ಕೆ ಹೋಗಿ ನಡೆಯಿರಿ. ಗಾಳಿಮರದ ಕೆಳಗೆ ಕೂತು ದಡದಿಂದ ಬಲೆ ಎಳೆಯುವವರನ್ನು ನೋಡಿ, ಪರಿಚಯದವರು ಸಿಕ್ಕರೆ ಹರಟೆ ಹೊಡೆದು ಬನ್ನಿ. ಮೂರು ನಾಲ್ಕು ದಿನದಲ್ಲಿ ಎಷ್ಟೋ ಜನ ತಾವಾಗಿಯೇ ಹತ್ತು ಹೆಜ್ಜೆ ಓಡಿಬಿಡುತ್ತಾರೆ. ಓಡಿದರೆ ಓಡಲಿ. ಆದರೆ ಇನ್ನೂ ಸ್ವಲ್ಪ ಓಡಬಹುದಿತ್ತು ಅನ್ನಿಸುವಾಗಲೇ ನಿಲ್ಲಿಸಿ. ಮೊದಲ ಎರಡು ತಿಂಗಳು ನನ್ನ ಲೆಕ್ಕದಲ್ಲಿ ಇದೊಂದೇ ನಿಯಮ. ಆಸೆ ಉಳಿಸಿಕೊಂಡು ಮನೆಗೆ ಬಂದವರು ಮರುದಿನ ಮತ್ತೆ ಬರುತ್ತಾರೆ. ಒಂದೇ ದಿನ ಎಲ್ಲ ಖರ್ಚು ಮಾಡಿದವರು ವಾರಗಟ್ಟಲೆ ಕಾಣುವುದಿಲ್ಲ.

"ಇಷ್ಟು ದಿನ ಬಿಟ್ಟಿದ್ದೀನಲ್ಲ, ಎಲ್ಲಾ ಹೋಗಿಬಿಟ್ಟಿರುತ್ತಾ ಅಕ್ಕೋರೇ?"

ಎಲ್ಲ ಹೋಗಲ್ಲ. ಚೆನ್ನಾಗಿ ತರಬೇತಿ ಇದ್ದವರು ಪೂರ್ತಿ ನಿಲ್ಲಿಸಿದರೆ ದೇಹ ಆಮ್ಲಜನಕ ಬಳಸುವ ಶಕ್ತಿ ಮೂರು ವಾರದಲ್ಲಿ ಸುಮಾರು ಶೇ 7ರಷ್ಟು, ಎಂಟು ವಾರದಲ್ಲಿ ಸುಮಾರು ಶೇ 16ರಷ್ಟು ಇಳಿಯುತ್ತದೆ. ಆಮೇಲೆ ಇಳಿಯುವ ವೇಗ ಕಡಿಮೆಯಾಗುತ್ತದೆ. ಮೊದಲು ಕಮ್ಮಿಯಾಗುವುದು ರಕ್ತದ ಪ್ರಮಾಣ, ಅದಕ್ಕೇ ಮೆಟ್ಟಿಲು ಹತ್ತಿದರೂ ಎದೆ ಬಡಿತ ಏರುತ್ತದೆ. ಅದು ವಾಪಸ್ಸು ಬರುವುದೂ ಬೇಗ. ವರ್ಷಗಟ್ಟಲೆ ಓಡಿ ಸ್ನಾಯುಗಳಲ್ಲಿ ಬೆಳೆದ ಸಣ್ಣ ರಕ್ತನಾಳಗಳು ಅಷ್ಟು ಸುಲಭಕ್ಕೆ ಹೋಗುವುದಿಲ್ಲ.

ತೊಂದರೆ ಇರುವುದು ಬೇರೆ ಕಡೆ. ಎದೆ ಮತ್ತು ಉಸಿರು ಕೆಲವೇ ವಾರಗಳಲ್ಲಿ ತಯಾರಾಗುತ್ತವೆ, ಮೂಳೆಗೆ ಮತ್ತು ಸ್ನಾಯುವನ್ನು ಮೂಳೆಗೆ ಕಟ್ಟುವ ರಜ್ಜುಗಳಿಗೆ ತಿಂಗಳುಗಳು ಬೇಕು. ಉಸಿರು ಹಗುರಾದ ಖುಷಿಯಲ್ಲಿ ಜನ ದೂರ ಹೆಚ್ಚಿಸುತ್ತಾರೆ, ಹಿಮ್ಮಡಿ ಕೈ ಕೊಡುತ್ತದೆ. ಐದಾರನೇ ವಾರ ನನಗೆ ಬರುವ ಫೋನುಗಳಲ್ಲಿ ಅರ್ಧ ಇದೇ ಕತೆ.

"ಸ್ವಲ್ಪ ಓಡು ಸ್ವಲ್ಪ ನಡಿ ಅಂತೀರಿ. ಊರವರ ಎದುರು ನಾಚಿಕೆ ಆಗುತ್ತೆ, ಪರವಾಗಿಲ್ವಾ?"

ಕಾರವಾರ ಸಣ್ಣ ಊರು. ನಡೆಯುವುದು ಕಂಡರೆ "ಏನಾಯ್ತು, ಇಷ್ಟಕ್ಕೇ ಸುಸ್ತಾಯ್ತಾ?" ಅಂತ ಕೇಳಲು ಯಾರಾದರೂ ಇದ್ದೇ ಇರುತ್ತಾರೆ. ಕೇಳಲಿ ಬಿಡಿ. ಅಮೆರಿಕದ ಜೆಫ್ ಗ್ಯಾಲೋವೇ 1972ರ ಒಲಿಂಪಿಕ್ಸ್‌ನಲ್ಲಿ 10,000 ಮೀಟರ್ ಓಡಿದವರು. ಓಟದ ನಡುವೆ ನಡೆಯುವ ಪದ್ಧತಿಯನ್ನು ಸಾವಿರಾರು ಜನರಿಗೆ ಕಲಿಸಿದ್ದು ಅವರೇ. ನಡೆದು ಓಡಿ ಮ್ಯಾರಥಾನ್ ಮುಗಿಸಿದವರು ಬೇಕಾದಷ್ಟು ಜನ ಇದ್ದಾರೆ.

ಶುರು ಮಾಡುವ ಮೊದಲು ಒಂದು ಪರೀಕ್ಷೆ. ಅರ್ಧ ಗಂಟೆ ಬಿರುಸಾಗಿ ನಡೆದರೆ ಆವತ್ತೂ ಮರುದಿನವೂ ನೋವಿರಬಾರದು. ಆಮೇಲೆ ಒಂದು ನಿಮಿಷ ಓಟ, ಎರಡು ನಿಮಿಷ ನಡಿಗೆ, ಹೀಗೆ ಒಟ್ಟು 20 ನಿಮಿಷ. ದಿನ ಬಿಟ್ಟು ದಿನ. ಓಡುವಾಗ ಪಕ್ಕದವರ ಜೊತೆ ಪೂರ್ತಿ ವಾಕ್ಯ ಮಾತಾಡಲು ಆಗಬೇಕು, ಆಗದಿದ್ದರೆ ವೇಗ ಜಾಸ್ತಿಯಾಗಿದೆ ಅಂತ ಅರ್ಥ. ಎರಡು ವಾರ ಸಲೀಸಾಗಿ ಹೋದರೆ ಓಟ ಎರಡು ನಿಮಿಷ ಮಾಡಿ. ನಾಚಿಕೆ ತೀರಾ ಜಾಸ್ತಿ ಇದ್ದರೆ ಮಾಜಾಳಿ ಕಡೆ ಹೋಗಿ, ಅಲ್ಲಿ ಬೆಳಿಗ್ಗೆ ನೋಡುವವರು ಕಮ್ಮಿ.

"ಹೊಸ ಬೂಟು ತಗೊಂಡ್ರೆ ಸರಿಹೋಗುತ್ತಾ?"

ಹಳೆಯದು ಅಡಿ ಸವೆದಿದ್ದರೆ ತಗೊಳ್ಳಿ. ಹಾಕಿ ನಾಲ್ಕು ಹೆಜ್ಜೆ ಓಡಿದಾಗ ಹಿತ ಅನ್ನಿಸಬೇಕು, ಹೆಬ್ಬೆರಳಿನ ಮುಂದೆ ಸ್ವಲ್ಪ ಜಾಗ ಇರಬೇಕು. ದುಬಾರಿ ಬೂಟು ಪೆಟ್ಟನ್ನು ತಪ್ಪಿಸುತ್ತದೆ ಅನ್ನುವುದು ಅಂಗಡಿಯವರ ಮಾತು.

"ಓಟ ಅಂದ್ರೆ ಬೆಂಗಳೂರಿನವರ ಶೋಕಿ ಅಂತ ಮನೆಯಲ್ಲಿ ನಗ್ತಾರೆ"

ನಗುವವರಿಗೆ ನಮ್ಮ ಜಿಲ್ಲೆಯ ಕತೆಯನ್ನೇ ಹೇಳಿ. ಯಲ್ಲಾಪುರ, ಹಳಿಯಾಳ, ಅಂಕೋಲಾ ಕಾಡಿನ, ಆಫ್ರಿಕಾ ಮೂಲದ ಸಿದ್ದಿ ಜನರ ಮಕ್ಕಳನ್ನು 1980ರ ದಶಕದಲ್ಲಿ ಕೇಂದ್ರದ ಕ್ರೀಡಾ ಪ್ರಾಧಿಕಾರ ಗುರುತಿಸಿ, ವಿಶೇಷ ಯೋಜನೆಯಲ್ಲಿ ಓಟದ ತರಬೇತಿಗೆ ಕರೆದುಕೊಂಡು ಹೋಗಿತ್ತು. ಅವರಲ್ಲಿ ಕೆಲವರು ದೇಶದ ಮಟ್ಟದಲ್ಲಿ ಹೆಸರು ಮಾಡಿದರು. ಕೆಲವು ವರ್ಷಗಳ ನಂತರ ಯೋಜನೆ ನಿಂತಿತು, ಬಹಳಷ್ಟು ಮಕ್ಕಳು ನಡುದಾರಿಯಲ್ಲೇ ಊರಿಗೆ ವಾಪಸ್ಸಾದರು. ಅದು ನನಗೆ ಈಗಲೂ ಹೊಟ್ಟೆ ಉರಿಸುವ ವಿಷಯ. ಅದೇನೇ ಇರಲಿ, ಉತ್ತರ ಕನ್ನಡಕ್ಕೆ ಓಟವನ್ನು ಬೆಂಗಳೂರು ಕಲಿಸಬೇಕಾಗಿಲ್ಲ.

## ನಮ್ಮ ಊರು, ನಮ್ಮ ಹವೆ

"ಮರಳಲ್ಲಿ ಓಡಿದ್ರೆ ಮೊಣಕಾಲಿಗೆ ಒಳ್ಳೇದಂತೆ, ಹೌದಾ?"

ಯಾವ ಮರಳು ಅನ್ನುವುದರ ಮೇಲೆ ಹೋಗುತ್ತದೆ. ಮೇಲಿನ ಒಣ ಮರಳಿನಲ್ಲಿ ಕಾಲು ಹುಗಿಯುತ್ತದೆ. ಗಟ್ಟಿ ನೆಲಕ್ಕಿಂತ ಅಲ್ಲಿ ಓಡಲು ಸುಮಾರು 1.6 ಪಟ್ಟು ಶಕ್ತಿ ಬೇಕು. ನೆಲಕ್ಕೆ ಬೀಳುವ ಹೊಡೆತ ಕಮ್ಮಿ ಹೌದು, ಆದರೆ ಹಿಮ್ಮಡಿ ಪ್ರತಿ ಹೆಜ್ಜೆಗೂ ಕೆಳಗೆ ಇಳಿಯುವುದರಿಂದ ಮೀನಖಂಡ ಮತ್ತು ಹಿಮ್ಮಡಿಯ ಹಿಂದಿನ ರಜ್ಜು ಎಳೆಯುತ್ತದೆ. ಹಿಮ್ಮಡಿ ನೋವಿನಿಂದ ಎದ್ದವರು ಒಣ ಮರಳಿನಲ್ಲಿ ಓಡುವುದು ಬೇಡವೇ ಬೇಡ. ಅಂಗಾಲು ನೋವಿದ್ದವರು ಬರಿಗಾಲಿನ ಓಟವನ್ನೂ ಸದ್ಯಕ್ಕೆ ಬಿಡಿ.

ನೀರು ಈಗಷ್ಟೇ ಇಳಿದ ಒದ್ದೆ ಮರಳು ಬೇರೆಯೇ. ಗಟ್ಟಿ, ಆದರೂ ಡಾಂಬರಿನಷ್ಟು ಕಠಿಣ ಅಲ್ಲ. ಅದಕ್ಕೆ ಇಳಿತದ ಹೊತ್ತು ಗೊತ್ತಿರಬೇಕು. ಉಬ್ಬರ-ಇಳಿತ ದಿನಕ್ಕೆ ಎರಡೆರಡು ಸಲ ಬರುತ್ತವೆ, ದಿನದಿಂದ ದಿನಕ್ಕೆ ಸರಾಸರಿ 50 ನಿಮಿಷ ತಡವಾಗುತ್ತಾ ಹೋಗುತ್ತವೆ. ಅಂದರೆ ಈ ಸೋಮವಾರ ಬೆಳಿಗ್ಗೆ ಆರಕ್ಕೆ ಅಗಲವಾದ ಗಟ್ಟಿ ದಂಡೆ ಸಿಕ್ಕಿದರೆ ಮುಂದಿನ ಸೋಮವಾರ ಅದೇ ಹೊತ್ತಿಗೆ ನೀರು ಮೇಲೆ ಬಂದು, ನೀವು ಮತ್ತೆ ಒಣ ಮರಳಿನಲ್ಲೇ ಒದ್ದಾಡಬೇಕಾಗುತ್ತದೆ. ಅಮಾವಾಸ್ಯೆ, ಹುಣ್ಣಿಮೆ ಸುತ್ತ ನೀರು ಬಹಳ ಹಿಂದೆ ಸರಿಯುತ್ತದೆ, ಆ ದಿನಗಳಲ್ಲಿ ಓಡುವ ಮಜವೇ ಬೇರೆ. ಹೊತ್ತು ತಿಳಿಯಲು ಆ್ಯಪ್ ಇವೆ, ಇಲ್ಲದಿದ್ದರೆ ಬೈತಖೋಲ ಬಂದರಿನ ಯಾವ ಮೀನುಗಾರರನ್ನು ಕೇಳಿದರೂ ಕ್ಯಾಲೆಂಡರ್ ನೋಡದೆ ಹೇಳುತ್ತಾರೆ. ಸಮಯವನ್ನು ಸಮುದ್ರವೇ ಗೊತ್ತುಮಾಡುತ್ತದೆ ಅಂತಾದರೆ "ದಿನಾ ಆರಕ್ಕೆ ಐದು ಕಿಲೋಮೀಟರ್" ಅನ್ನುವ ಹಳೇ ಹಟವೂ ಸಡಿಲವಾಗುತ್ತದೆ. ಮತ್ತೆ ಶುರು ಮಾಡುವವರಿಗೆ ಅದು ಬಹಳ ಒಳ್ಳೆಯದು.

ಇನ್ನೊಂದು ಮಾತು. ದಂಡೆ ನೀರಿನ ಕಡೆಗೆ ಇಳಿಜಾರು. ಹೋಗುವಾಗ ಒಂದು ಕಾಲು ತಗ್ಗಿನಲ್ಲಿ, ಬರುವಾಗ ಇನ್ನೊಂದು. ಹೋದಷ್ಟೇ ದೂರ ಓಡಿಕೊಂಡೇ ವಾಪಸ್ಸು ಬನ್ನಿ. ಕಾಳಿ ನದಿಯ ಬಾಯಿಯವರೆಗೆ ಓಡಿ ರಿಕ್ಷಾದಲ್ಲಿ ಮನೆಗೆ ಬರುವವರಿಗೆ ಒಂದೇ ಕಡೆ ಸೊಂಟ ಹಿಡಿಯುವುದು ಇದೇ ಕಾರಣಕ್ಕೆ. ಇಳಿಜಾರು ಜಾಸ್ತಿ ಇದ್ದ ದಿನ ಚಾಪೆಲ್ ಯುದ್ಧನೌಕೆ ಮ್ಯೂಸಿಯಂ ಇರುವ ಕಡೆ, ದಂಡೆ ಪಕ್ಕದ ಸಪಾಟು ದಾರಿಯಲ್ಲಿ ಓಡಿ.

"ಸದಾಶಿವಗಡಕ್ಕೆ ಸೇತುವೆ ಮೇಲೆ ಓಡಿ ಬರೋಣ ಅಂತಿದ್ದೀನಿ"

ಬೇಡ. 2024ರ ಆಗಸ್ಟ್‌ನಲ್ಲಿ ಹಳೇ ಕಾಳಿ ಸೇತುವೆ ಕುಸಿದ ಮೇಲೆ ಎರಡೂ ಕಡೆಯ ವಾಹನಗಳನ್ನು ಹೊಸ ಸೇತುವೆಗೇ ಬಿಟ್ಟರು. ಗೋವಾ ಕಡೆಯ ಲಾರಿಗಳ ಪಕ್ಕ ಜೀವ ಹಿಡಿದುಕೊಂಡು ಓಡುವುದರಲ್ಲಿ ಎಂಥ ಖುಷಿ? ಗಾಡಿಯಲ್ಲಿ ದಾಟಿ, ಆಚೆ ದಡದಲ್ಲಿ ಓಡಿ.

"ಮಳೆಗಾಲ ನಾಲ್ಕು ತಿಂಗಳು ಮನೇಲೇ ಕೂರೋದಾ?"

ನನ್ನನ್ನು ಕೇಳಿದರೆ ನಮ್ಮ ಕರಾವಳಿಯಲ್ಲಿ ಓಟದ ಖುಷಿ ವಾಪಸ್ಸು ಬರಲು ಮಳೆಗಾಲದಷ್ಟು ಒಳ್ಳೆಯ ಕಾಲ ಇಲ್ಲ. ಬಿಸಿಲಿಲ್ಲ, ಮೈ ಸುಡುವುದಿಲ್ಲ. ಯಾರೂ ನೋಡುವುದಿಲ್ಲ. ಮೈಯೆಲ್ಲ ಒದ್ದೆಯಾಗಿ ಹುಚ್ಚು ಹಿಡಿದವರ ಥರ ಓಡುವಾಗ ವೇಗದ ಯೋಚನೆ ತಲೆಗೇ ಬರುವುದಿಲ್ಲ.

ಎಚ್ಚರ ಇರಲೇಬೇಕು ಅನ್ನಿ. ಸಿಡಿಲು ಗುಡುಗಿದರೆ ಬಯಲು ಮತ್ತು ದಂಡೆ ಬಿಟ್ಟು ಒಳಗೆ ಬನ್ನಿ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳೇ ಕಡಲಿಗೆ ಇಳಿಯುವುದಿಲ್ಲ, ನೀವೂ ಅಲೆಯ ಅಂಚಿನಲ್ಲಿ ಓಡಬೇಡಿ. ಪಾಚಿ ಕಟ್ಟಿದ ಚಿರೇಕಲ್ಲಿನ ಮೇಲೆ ಕಾಲಿಟ್ಟರೆ ಮುಗಿಯಿತು, ವಾಸಿಯಾದ ಕಾಲು ಮತ್ತೆ ಪ್ಲಾಸ್ಟರಿಗೆ. ಗುಡ್ಡ ಕಡಿದು ಮಾಡಿದ ರಸ್ತೆಗಳ ಬುಡದಲ್ಲಿ ಜೋರು ಮಳೆಯಲ್ಲಿ ಓಡಬೇಡಿ. 2024ರ ಜುಲೈನಲ್ಲಿ ಅಂಕೋಲಾದ ಶಿರೂರಿನಲ್ಲಿ ಹೆದ್ದಾರಿ ಮೇಲೆ ಗುಡ್ಡ ಬಿದ್ದದ್ದು ನಮಗ್ಯಾರಿಗೂ ಮರೆತಿಲ್ಲ. ಬೂಟಿನೊಳಗೆ ಹಳೇ ಪೇಪರ್ ತುರುಕಿ ಗಾಳಿಗೆ ಇಡಿ, ಒಲೆ ಪಕ್ಕ ಇಟ್ಟರೆ ಅಂಟು ಬಿಡುತ್ತದೆ. ತೊಡೆ, ಕಂಕುಳು ಉಜ್ಜಿ ಉರಿಯಾಗದಿರಲು ತೆಂಗಿನೆಣ್ಣೆ ಸಾಕು.

"ನಾವು ಶಿರಸಿಯವರು. ಸಮುದ್ರ ಇಲ್ಲ, ಬರೀ ಏರು ಇಳಿವು. ನಮಗೇನು ದಾರಿ?"

ನಿಮಗೆ ತಂಪು ಇದೆಯಲ್ಲ! ಕರಾವಳಿಯವರು ಹೊಟ್ಟೆಕಿಚ್ಚು ಪಡುವಂಥ ಬೆಳಗುಗಳು ನಿಮ್ಮವು. ಏರು ಹತ್ತುವುದಕ್ಕೆ ಹೆದರಬೇಡಿ, ನಿಧಾನಕ್ಕೆ ಹತ್ತಿದರೆ ಮೊಣಕಾಲಿಗೆ ಹೊಡೆತ ಕಮ್ಮಿ. ತೊಂದರೆ ಕೊಡುವುದು ಇಳಿಜಾರು. ಇಳಿಯುವಾಗ ತೊಡೆಯ ಸ್ನಾಯು ಉದ್ದವಾಗುತ್ತಲೇ ಭಾರ ತಡೆಯಬೇಕು, ಮೊಣಕಾಲಿನ ಚಿಪ್ಪಿನ ಮೇಲೆ ಒತ್ತಡ ಏರುತ್ತದೆ. ಮೊದಲ ಎರಡು ತಿಂಗಳು ಏರಿನಲ್ಲಿ ಓಡಿ, ಇಳಿವಿನಲ್ಲಿ ನಡೆಯಿರಿ.

ಕಾಡುದಾರಿಯ ವಿಷಯ ಸ್ವಲ್ಪ ಗಂಭೀರ. ಮಳೆಗಾಲದ ಉಂಬಳ (ಜಿಗಣೆ) ಬರೀ ಕಿರಿಕಿರಿ, ಉಪ್ಪು ಮುಟ್ಟಿಸಿದರೆ ಬಿಡುತ್ತದೆ. ಆದರೆ ಮಳೆ ನಿಂತ ಮೇಲೆ, ಹೆಚ್ಚುಕಡಿಮೆ ನವೆಂಬರಿನಿಂದ ಮೇವರೆಗೆ, ಸಿದ್ದಾಪುರ, ಶಿರಸಿ ಕಡೆಯ ಕಾಡಿನಲ್ಲಿ ಉಣುಗಿನಿಂದ ಮಂಗನ ಕಾಯಿಲೆ ಬರುವ ಭಯ ಇರುತ್ತದೆ. ಮಂಗ ಸತ್ತ ಸುದ್ದಿ ಇರುವ ಕಡೆ ಹೋಗಲೇಬೇಡಿ. ಬೇರೆ ಕಡೆಯೂ ಉದ್ದ ಸಾಕ್ಸ್ ಹಾಕಿ, ಉಣುಗು ಹತ್ತದಂತೆ ಆರೋಗ್ಯ ಇಲಾಖೆ ಕೊಡುವ ಡೆಪಾ ತೈಲ ಹಚ್ಚಿ, ಬಂದ ಕೂಡಲೇ ಬಿಸಿನೀರಿನಲ್ಲಿ ಸ್ನಾನ ಮಾಡಿ ಮೈ ಪೂರ್ತಿ ನೋಡಿಕೊಳ್ಳಿ. ಆ ತಿಂಗಳುಗಳಲ್ಲಿ ನಾನಾದರೆ ಡಾಂಬರು ರಸ್ತೆಯಲ್ಲೇ ಓಡುತ್ತೇನೆ.

"ಎಪ್ರಿಲ್‌ನ ಸೆಖೆಗೆ ಒಂದು ಹೆಜ್ಜೆ ಮುಂದೆ ಹೋಗಲ್ಲ. ಏನು ಕುಡೀಬೇಕು?"

ಬೆವರು ಆರಿದರೆ ಮಾತ್ರ ಮೈ ತಂಪಾಗುತ್ತದೆ. ನಮ್ಮ ಗಾಳಿಯಲ್ಲಿ ತೇವ ತುಂಬಿರುವುದರಿಂದ ಬೆವರು ಆರದೆ ಸುಮ್ನೆ ಹರಿಯುತ್ತದೆ. ವೇಗ ಬೀಳುವುದು ಸಹಜ, ಅದನ್ನು ನಿಮ್ಮ ಪೆಟ್ಟಿನ ಲೆಕ್ಕಕ್ಕೆ ಬರೆಯಬೇಡಿ. ದೇಹ ಸೆಖೆಗೆ ಒಗ್ಗಲು ಹತ್ತು ಹದಿನಾಲ್ಕು ದಿನ ಬೇಕು. ಬಾಯಾರಿದಾಗ ಕುಡಿಯಿರಿ, ಬರೀ ನೀರನ್ನೇ ಲೀಟರುಗಟ್ಟಲೆ ಸುರಿಯಬೇಡಿ. ಎಳನೀರಿನಲ್ಲಿ ಪೊಟ್ಯಾಸಿಯಂ ಜಾಸ್ತಿ, ಉಪ್ಪಿನ ಅಂಶ ಕಮ್ಮಿ. ಬೆವರಿನಲ್ಲಿ ಹೋಗುವುದು ಉಪ್ಪು ಅಲ್ವಾ? ಉಪ್ಪು ಹಾಕಿದ ಮುರುಗಲು (ಕೋಕಂ) ಪಾನಕ, ಮಜ್ಜಿಗೆ, ಕೆಂಪಕ್ಕಿ ಗಂಜಿಯ ತಿಳಿ ಇವೆಲ್ಲ ಅದಕ್ಕೆ ಸರಿಹೋಗುತ್ತವೆ.

"ಅಕ್ಕಾ, ಒಬ್ಬಳೇ ಕತ್ತಲೆಯಲ್ಲಿ ಓಡೋಕೆ ಭಯ. ನಾಯಿ ಬೇರೆ"

ಕತ್ತಲೆಯಲ್ಲಿ ಓಡಬೇಡ. ಬೆಳಕು ಹರಿದ ಮೇಲೆ ಓಡಿದರೆ ಏನೂ ಕಳೆದುಕೊಳ್ಳುವುದಿಲ್ಲ. ಒಬ್ಬ ಗೆಳತಿಯನ್ನು ಜೊತೆ ಮಾಡಿಕೊ, ಅವಳು ನಡೆದರೂ ಸಾಕು. ನಾಯಿ ಬೆನ್ನಟ್ಟಿದರೆ ಓಟ ನಿಲ್ಲಿಸಿ ನಡಿ, ಕಣ್ಣಿಗೆ ಕಣ್ಣಿಟ್ಟು ನೋಡಬೇಡ. ಕಚ್ಚಿದರೆ, ತರಚಿದರೂ ಸರಿ, ಸೋಪು ಹಚ್ಚಿ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆದು ಅದೇ ದಿನ ರೇಬಿಸ್ ಚುಚ್ಚುಮದ್ದಿಗೆ ಹೋಗು. ಅರಿಶಿನ, ಸುಣ್ಣ ಹಚ್ಚಿಕೊಂಡು ಕೂರಬೇಡ.

## ನೋವು, ಕಾಯಿಲೆ

"ಸ್ವಲ್ಪ ಸ್ವಲ್ಪ ನೋವಿದೆ. ಓಡಬಹುದಾ ಬಿಡಬೇಕಾ?"

ನೋವಿಗೆ ಹತ್ತರಲ್ಲಿ ಅಂಕ ಕೊಡಿ. ಮೂರರ ಒಳಗೆ ಇದ್ದು, ಓಡುವಾಗ ಏರದೆ, ಮರುದಿನ ಬೆಳಿಗ್ಗೆ ಹಾಸಿಗೆಯಿಂದ ಇಳಿಯುವಾಗ ಮೊದಲಿನಷ್ಟೇ ಇದ್ದರೆ ಸಾಮಾನ್ಯವಾಗಿ ಮುಂದುವರಿಸಬಹುದು. ಮೂರು ದಾಟಿದರೆ, ಇಲ್ಲವೇ ಬೆಳಿಗ್ಗೆ ಜಾಸ್ತಿಯಾದರೆ, ಎರಡು ಹೆಜ್ಜೆ ಹಿಂದೆ ಹೋಗಿ.

ಈ ಅಂಕದ ಲೆಕ್ಕ ಮೂಳೆ ನೋವಿಗೆ ನಡೆಯುವುದಿಲ್ಲ. ಮೂಳೆಯ ಮೇಲೆ ಒಂದೇ ಬೆರಳಿನಿಂದ ತೋರಿಸಬಹುದಾದ ನೋವು, ರಾತ್ರಿ ಮಲಗಿದಾಗಲೂ ಬಿಡದ ನೋವು, ಊತ, ಕುಂಟು, ಮೊಣಕಾಲು ಸಿಕ್ಕಿಕೊಂಡಂತಾಗುವುದು ಇದ್ದರೆ ಅವತ್ತೇ ನಿಲ್ಲಿಸಿ ಮೂಳೆ ಡಾಕ್ಟರಿಗೆ ತೋರಿಸಿ. ಮೂಳೆ ಬಿರುಕು ಶುರುವಿನಲ್ಲಿ ಎಕ್ಸ್‌ರೇಯಲ್ಲಿ ಕಾಣದೇ ಇರಬಹುದು. ಎಕ್ಸ್‌ರೇ ಸರಿ ಇದೆ ಅಂತ ಮರುದಿನವೇ ಓಡಿದವರು ಇದ್ದಾರೆ, ಹಾಗೆ ಮಾಡಬೇಡಿ. ನೋವಿನ ಮಾತ್ರೆ ನುಂಗಿ ಓಡುವುದಂತೂ ಬೇಡ.

"ಡೆಂಗೀ ಬಂದು ಹೋಯ್ತು. ಪ್ಲೇಟ್‌ಲೆಟ್ ಸರಿಯಾಗಿದೆ. ನಾಳೆಯಿಂದ ಓಡ್ಲಾ?"

ಪ್ಲೇಟ್‌ಲೆಟ್ ಸರಿಯಾದ ಮಾತ್ರಕ್ಕೆ ದೇಹ ಸರಿಯಾಯಿತು ಅಂತಲ್ಲ. ಡೆಂಗೀ ಸುಸ್ತು ವಾರಗಟ್ಟಲೆ ಇರುತ್ತದೆ. ಎದ್ದ ಕೂಡಲೇ ನಾಡಿ ಎಣಿಸಿ, ಮಾಮೂಲಿಗಿಂತ ಹತ್ತು ಬಡಿತ ಜಾಸ್ತಿ ಇದ್ದರೆ ಅವತ್ತು ಬರೀ ನಡಿಗೆ. ಯಾವ ವೈರಲ್ ಜ್ವರದ ನಂತರವೂ ಎದೆ ನೋವು, ಎದೆ ಹೊಡೆದುಕೊಳ್ಳುವುದು, ಕಣ್ಣು ಕತ್ತಲೆ ಬರುವುದು ಇದ್ದರೆ ಮೊದಲು ಇಸಿಜಿ, ಆಮೇಲೆ ಓಟ. ಚಿಕುನ್‌ಗುನ್ಯಾ ಬಂದವರಿಗೆ ಗಂಟು ನೋವು ತಿಂಗಳುಗಟ್ಟಲೆ ಕಾಡಬಹುದು, ಅವರು ಈಜು ಅಥವಾ ಸೈಕಲ್ಲಿನಿಂದ ಶುರು ಮಾಡಿ.

"ಹೆರಿಗೆ ಆಗಿ ನಾಲ್ಕು ತಿಂಗಳು. ಅತ್ತೆ ಕೇಳಿದ್ರೆ ವರ್ಷ ಓಡಬೇಡ ಅಂತಾರೆ"

ಅತ್ತೆಯ ಮಾತನ್ನು ಪೂರ್ತಿ ತೆಗೆದುಹಾಕಬೇಡ, ಪೂರ್ತಿ ಒಪ್ಪಲೂ ಬೇಕಿಲ್ಲ. ಹೆರಿಗೆಯಾದ ಮೂರು ತಿಂಗಳ ಒಳಗೆ ಓಡಬಾರದು ಅಂತ ತಿಳಿದವರೂ ಹೇಳುತ್ತಾರೆ, ಬಹಳ ಜನರಿಗೆ ಆರು ತಿಂಗಳು ಬೇಕಾಗುತ್ತದೆ. ಕೆಮ್ಮಿದಾಗ, ಹಾರಿದಾಗ ಮೂತ್ರ ಜಿನುಗಿದರೆ, ಕೆಳಹೊಟ್ಟೆಯಲ್ಲಿ ಏನೋ ಜಾರಿದಂತೆ ಭಾರ ಅನ್ನಿಸಿದರೆ, ಸಿಸೇರಿಯನ್ ಗಾಯ ಎಳೆದರೆ ಇನ್ನೂ ಹೊತ್ತಾಗಿಲ್ಲ ಅಂತ. ಜಿನುಗುವುದು ಹೆಂಗಸರಿಗೆ ಇದ್ದಿದ್ದೇ ಅಂತ ಸುಮ್ಮನಾಗಬೇಡ, ಅದಕ್ಕೆ ವ್ಯಾಯಾಮ ಇದೆ, ಫಿಸಿಯೋ ಹೇಳಿಕೊಡುತ್ತಾರೆ. ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸು. ಮಗುವಿಗೆ ಹಾಲು ಕುಡಿಸಿ ಹೊರಡು. ಅತ್ತೆಗೆ ಮಗುವನ್ನು ನೋಡಿಕೊಳ್ಳುವ ಅರ್ಧ ಗಂಟೆ ಕೊಟ್ಟರೆ ಅವರೂ ಸಮಾಧಾನ ಆಗಬಹುದು, ಹೇಳೋಕಾಗಲ್ಲ.

"ಎದೆಗೆ ಸ್ಟೆಂಟ್ ಹಾಕಿದಾರೆ. 58 ವರ್ಷ. ಮೊದಲು ಓಡ್ತಿದ್ದೆ"

ಇದಕ್ಕೆ ನನ್ನ ಹತ್ತಿರ ಒಂದೇ ಉತ್ತರ. ಹೃದಯದ ಡಾಕ್ಟರು ಟ್ರೆಡ್‌ಮಿಲ್ ಪರೀಕ್ಷೆ ಮಾಡಿ, ನಾಡಿ ಎಷ್ಟರವರೆಗೆ ಏರಬಹುದು ಅಂತ ಬರೆದು ಕೊಡಲಿ. ಅಲ್ಲಿಯವರೆಗೆ ಅವರು ಹೇಳಿದಷ್ಟು ನಡಿಗೆ ಮಾತ್ರ. ಸ್ಟೆಂಟ್ ಹಾಕಿಸಿಕೊಂಡು ಮತ್ತೆ ಓಡುವವರು ಇದ್ದಾರೆ, ಆದರೆ ಮಾತ್ರೆ ತಾವೇ ನಿಲ್ಲಿಸಿ, ಡಾಕ್ಟರಿಗೆ ಹೇಳದೆ ಓಡುವವರ ಸಾಲಿಗೆ ನೀವು ಸೇರಬೇಡಿ ಮಾವ.

## ಖುಷಿಯ ಲೆಕ್ಕ

"ಮೊದಲು ಓಡಿದ ಮೇಲೆ ಒಂಥರಾ ಹಿಗ್ಗು ಇರ್ತಿತ್ತು. ಈಗ ಓಡ್ತೀನಿ, ಅದು ಬರ್ತಾನೇ ಇಲ್ಲ"

ಈ ಹಿಗ್ಗು ಎಂಡಾರ್ಫಿನ್ ಅನ್ನುವ, ನೋವು ತಗ್ಗಿಸುವ ರಾಸಾಯನಿಕದಿಂದ ಅಂತ ಬಹಳ ವರ್ಷ ಹೇಳುತ್ತಿದ್ದರು. ಆದರೆ ರಕ್ತದಲ್ಲಿ ಏರುವ ಎಂಡಾರ್ಫಿನ್ ಮಿದುಳಿನ ಒಳಗೆ ಸುಲಭಕ್ಕೆ ದಾಟುವುದಿಲ್ಲ. ಈಗ ವಿಜ್ಞಾನಿಗಳ ಕಣ್ಣು ಇನ್ನೊಂದು ಗುಂಪಿನ ಮೇಲಿದೆ, ದೇಹ ತಾನೇ ತಯಾರಿಸುವ ಎಂಡೋಕ್ಯಾನಬಿನಾಯ್ಡ್‌ಗಳು. ಇವು ಮಿದುಳಿಗೆ ದಾಟುತ್ತವೆ. ಮಧ್ಯಮ ಶ್ರಮದಲ್ಲಿ ಅರ್ಧ ಗಂಟೆ ಓಡಿದವರ ರಕ್ತದಲ್ಲಿ ಇವು ಏರಿದ್ದು ಕಂಡಿದೆ. ತೀರಾ ನಿಧಾನ ನಡಿಗೆಯಲ್ಲಿ ಏರಲಿಲ್ಲ, ಪ್ರಾಣ ಹೋಗುವಂತೆ ಓಡಿದಾಗಲೂ ಏರಲಿಲ್ಲ.

ಈಗ ನಿಮ್ಮ ಓಟ ನೋಡಿ. ಹತ್ತು ನಿಮಿಷ ಓಡುತ್ತೀರಿ, ಅದೂ ಹಳೇ ವೇಗದಲ್ಲಿ. ಹತ್ತು ನಿಮಿಷ ತೀರಾ ಕಮ್ಮಿ, ಹಳೇ ವೇಗ ಈಗಿನ ದೇಹಕ್ಕೆ ತೀರಾ ಜಾಸ್ತಿ. ಹಿಗ್ಗು ಬರುವ ಜಾಗ ಎರಡರ ನಡುವೆ ಇದೆ, ನೀವು ಅದನ್ನು ಎರಡೂ ಕಡೆಯಿಂದ ತಪ್ಪಿಸಿಕೊಳ್ಳುತ್ತಿದ್ದೀರಿ. ವೇಗ ಇಳಿಸಿ. ನಡುವೆ ಬಿರುಸು ನಡಿಗೆ ಸೇರಿಸಿ ಒಟ್ಟು 30-40 ನಿಮಿಷ ಮಾಡಿ. ಒಂದೆರಡು ವಾರದಲ್ಲೇ ಬಂತು ಅಂದವರಿದ್ದಾರೆ, ಮೂರು ತಿಂಗಳು ಕಾದವರೂ ಇದ್ದಾರೆ. ಕಳೆದುಕೊಂಡ ವೇಗ ವಾಪಸ್ಸು ಬರುವ ಮೊದಲೇ ಖುಷಿ ಬರಬಹುದು. ಇದನ್ನು ನಂಬದೇ ಎಷ್ಟೋ ಜನ ಓಟವನ್ನೇ ಬಿಟ್ಟರು.

"ವಾಚು ನೋಡಿದ್ರೆ ಅಳು ಬರುತ್ತೆ"

ಕಪಾಟಿನಲ್ಲಿ ಇಡಿ. ಫೋನಿನ ಆ್ಯಪ್‌ನಲ್ಲಿ ಹಳೇ ದಾಖಲೆಗಳಿದ್ದರೆ ಹೊಸ ಖಾತೆ ಮಾಡಿಕೊಳ್ಳಿ, ಅಲ್ಲಿ ನಿಮ್ಮ ಹಳೇ ನೀವು ಇರುವುದಿಲ್ಲ. ದೂರಕ್ಕೆ ಬದಲು ಹೊತ್ತು ಸಾಕು: ಹದಿನೈದು ನಿಮಿಷ ಹೋಗಿ, ತಿರುಗಿ ಬನ್ನಿ.

"ಪೊಲೀಸ್ ಭರ್ತಿಯ 1600 ಮೀಟರ್‌ನಲ್ಲಿ ಫೇಲ್ ಆದೆ. ಮೈದಾನ ನೋಡಿದ್ರೆ ಹೊಟ್ಟೆ ತೊಳೆಸುತ್ತೆ"

ತಮ್ಮಾ, ನಿನ್ನಂಥವರು ಪ್ರತಿ ವರ್ಷ ಸಿಗುತ್ತಾರೆ. ನಾಲ್ಕು ಸುತ್ತಿನ ಓಟಕ್ಕೆ ಮನೆಯ ಸಾಲ, ತಂಗಿಯ ಮದುವೆ, ಊರವರ ಮಾತು ಎಲ್ಲ ಕಟ್ಟಿಕೊಂಡು ನಿಂತಿರುತ್ತೀರಿ. ಅಷ್ಟು ಭಾರ ಹೊತ್ತ ಮೇಲೆ ಓಟ ಖುಷಿ ಕೊಡಬೇಕು ಅಂದರೆ ಹೇಗೆ ಕೊಡುತ್ತದೆ? ತಿಂಗಳುಗಟ್ಟಲೆ ದಿನಾ ಅದೇ 1600 ಮೀಟರನ್ನು ಸ್ಟಾಪ್‌ವಾಚ್ ಹಿಡಿದು ಪೂರ್ತಿ ದಮ್ಮು ಕಟ್ಟಿ ಓಡಿರುತ್ತೀಯ. ದಿನಾ ಒಂದು ಪರೀಕ್ಷೆ. ಅದರಿಂದ ಮೊಣಕಾಲ ಕೆಳಗಿನ ಮೂಳೆ ನೋಯುತ್ತದೆ, ಮನಸ್ಸೂ ರೋಸಿಹೋಗುತ್ತದೆ, ವೇಗವೂ ಬೆಳೆಯುವುದಿಲ್ಲ.

ಒಂದು ತಿಂಗಳು ಮೈದಾನಕ್ಕೆ ಹೋಗಬೇಡ. ಸ್ನೇಹಿತರ ಜೊತೆ ದಂಡೆಯಲ್ಲಿ ಫುಟ್‌ಬಾಲ್ ಆಡು, ಕಬಡ್ಡಿ ಆಡು. ಆಮೇಲೆ ವಾರಕ್ಕೆ ಮೂರು ನಾಲ್ಕು ದಿನ ಮಾತಾಡಿಕೊಂಡು ಓಡುವ ಉದ್ದ ಓಟ. ಮತ್ತೆ ಭರ್ತಿಗೆ ನಿಲ್ಲುವುದಿದ್ದರೆ ವೇಗದ ಅಭ್ಯಾಸ ವಾರಕ್ಕೆ ಒಂದೇ ದಿನ: 400 ಮೀಟರಿನ ನಾಲ್ಕೈದು ಸುತ್ತು, ನಡುವೆ ಚೆನ್ನಾಗಿ ಸುಧಾರಿಸಿಕೊಂಡು. ಪೂರ್ತಿ 1600ನ್ನು ತಿಂಗಳಿಗೆ ಒಮ್ಮೆ ಓಡಿ ಸಮಯ ನೋಡು, ಸಾಕು. ಮತ್ತೆ ನಿಲ್ಲುವುದಿಲ್ಲ ಅಂತ ನಿರ್ಧಾರ ಮಾಡಿದರೂ ಓಟ ನಿನ್ನದೇ, ಅದು ಇಲಾಖೆಯದಲ್ಲ.

"ಅಪ್ಪ ತೀರಿಕೊಂಡ ಮೇಲೆ ಓಡೋದು ಬಿಟ್ಟೆ. ಖುಷಿಪಡೋದೇ ತಪ್ಪು ಅನ್ಸುತ್ತೆ"

ಆತುರ ಇಲ್ಲ. ಅಪ್ಪನ ವರ್ಷಾಂತ ಮುಗಿಯುವವರೆಗೆ ಮನಸ್ಸಿಲ್ಲದಿದ್ದರೆ ಬೇಡ. ಪಂಜಾಬಿನ ಫೌಜಾ ಸಿಂಗ್ ಮಗನನ್ನು ಕಣ್ಣೆದುರೇ ಕಳೆದುಕೊಂಡು, ಆ ದುಃಖದಲ್ಲೇ ಓಟಕ್ಕೆ ಬಂದವರು. 89ನೇ ವಯಸ್ಸಿಗೆ ಮ್ಯಾರಥಾನ್ ಶುರು ಮಾಡಿದರು, 2011ರಲ್ಲಿ ಟೊರಾಂಟೊದಲ್ಲಿ ನೂರನೇ ವಯಸ್ಸು ಅಂತ ಹೇಳಿಕೊಂಡು ಪೂರ್ತಿ ಮ್ಯಾರಥಾನ್ ಮುಗಿಸಿದರು. ಅವರು ದುಃಖ ಮರೆತು ಓಡಿದರು ಅಂತ ನನಗೆ ಅನ್ನಿಸುವುದಿಲ್ಲ, ಜೊತೆಗೆ ಇಟ್ಟುಕೊಂಡೇ ಓಡಿರಬೇಕು. ಓಡುವಾಗ ಅಳು ಬಂದರೆ ಅತ್ತುಬಿಡಿ, ಬೆವರಿನಲ್ಲಿ ಯಾರಿಗೂ ಗೊತ್ತಾಗುವುದಿಲ್ಲ. ಊಟ, ನಿದ್ದೆ, ಕೆಲಸ ಯಾವುದೂ ತಿಂಗಳುಗಟ್ಟಲೆ ಸೇರುತ್ತಿಲ್ಲ ಅಂದರೆ ಮಾತ್ರ ಅದನ್ನು ಓಟದ ಮೇಲೆ ಬಿಡಬೇಡಿ, ಮನಸ್ಸಿನ ಡಾಕ್ಟರ ಹತ್ತಿರ ಹೋಗಿ. ಟೆಲಿಮನಸ್ ಸಹಾಯವಾಣಿ 14416, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡು ಕೊಡಬೇಕಾಗಿಲ್ಲ.

## ಸ್ವಲ್ಪ ಮುಂದೆ ಹೋದವರಿಗೆ

"ಎಲ್ಲಾ ಸರಿಯಾಗಿತ್ತು, ಮತ್ತೆ ಅದೇ ಜಾಗದಲ್ಲಿ ನೋವು. ನನ್ನ ಹಣೆಬರಹನಾ?"

ಹಣೆಬರಹಕ್ಕಿಂತ ಮೊದಲು ಹಿಂದಿನ ನಾಲ್ಕು ವಾರದ ಡೈರಿ ನೋಡಿ. ಸಾಮಾನ್ಯವಾಗಿ ಒಂದು ದಿನ ಇದ್ದಕ್ಕಿದ್ದಂತೆ ದೂರ ಜಿಗಿದಿರುತ್ತದೆ. ಗೋವಾದ ನೆಂಟರು ಬಂದರು, ಅವರ ಜೊತೆ ಹುರುಪಿನಲ್ಲಿ ಎರಡರಷ್ಟು ಓಡಿದೆ, ಇಂಥದ್ದು. ವಾರಕ್ಕೆ ಶೇ 10 ಮಾತ್ರ ಹೆಚ್ಚಿಸಿ ಅನ್ನುವ ಮಾತು ಕೇಳಿರುತ್ತೀರಿ. ಅದು ಶಾಸನ ಏನಲ್ಲ, ಆದರೆ ಒಂದೇ ಓಟದಲ್ಲಿ ಹಿಂದಿನ ಉದ್ದ ಓಟಕ್ಕಿಂತ ಬಹಳ ಮುಂದೆ ಹಾರಬಾರದು ಅನ್ನುವುದು ನಿಜ.

ಎರಡನೆಯದು ಬಲ. ಮೆಟ್ಟಿಲಿನ ಅಂಚಿನಲ್ಲಿ ಒಂಟಿ ಕಾಲಲ್ಲಿ ನಿಂತು ಹಿಮ್ಮಡಿ ಎತ್ತಿ ಇಳಿಸಿ. 20-25 ಸಲ ಆಗದಿದ್ದರೆ ಮೀನಖಂಡ ಇನ್ನೂ ಓಟಕ್ಕೆ ತಯಾರಿಲ್ಲ. ಬಾವಿಯಿಂದ ನೀರು ಸೇದಿ, ಗದ್ದೆಯಲ್ಲಿ ಬಗ್ಗಿ ಕೆಲಸ ಮಾಡಿದ ತಲೆಮಾರಿಗೆ ಇದನ್ನು ಹೇಳಿಕೊಡಬೇಕಿರಲಿಲ್ಲ, ಕುರ್ಚಿಯಲ್ಲಿ ಕೂರುವ ನಮಗೆ ಬೇಕು.

ಹೆಂಗಸರಿಗೆ ಒಂದು ಮಾತು ಬೇರೆ. ಮೂಳೆ ಬಿರುಕು ಎರಡನೇ ಸಲ ಬಂದರೆ, ಮುಟ್ಟು ತಪ್ಪುತ್ತಿದ್ದರೆ, ತೂಕ ಇಳಿಸಲು ಊಟ ಬಿಡುತ್ತಿದ್ದರೆ, ಕಾರಣ ಬೂಟಿನಲ್ಲಿ ಅಲ್ಲ, ತಟ್ಟೆಯಲ್ಲಿ ಇರಬಹುದು. ವಿಟಮಿನ್ ಡಿ ನೋಡಿಸಿ. ಗಂಜಿ, ಮೊಟ್ಟೆ, ಬಂಗಡೆ, ರಾಗಿ, ನಿಮಗೆ ನಡೆಯುವುದು ಯಾವುದೋ ಅದನ್ನು ಹೊಟ್ಟೆ ತುಂಬ ತಿನ್ನಿ.

"ಮೊದಲಿನ ವೇಗ ಮತ್ತೆ ಬರುತ್ತಾ, ನೇರವಾಗಿ ಹೇಳಿ"

ಇಪ್ಪತ್ತು ಮೂವತ್ತರ ವಯಸ್ಸಿನವರಿಗೆ, ಪೂರ್ತಿ ವಾಸಿಯಾಗಿದ್ದರೆ, ಬಹಳ ಸಲ ಬರುತ್ತದೆ. ಐವತ್ತು ದಾಟಿದವರಿಗೆ ವರ್ಷದಿಂದ ವರ್ಷಕ್ಕೆ ವೇಗ ಸ್ವಲ್ಪ ಇಳಿಯುವುದು ಪೆಟ್ಟು ಬೀಳದಿದ್ದರೂ ಇದ್ದದ್ದೇ. ಆರರಿಂದ ಎಂಟು ವಾರ ನೋವಿಲ್ಲದೆ ಸಲೀಸಾಗಿ ಓಡಿದ ಮೇಲೆ ಓಟದ ಕೊನೆಗೆ 15-20 ಸೆಕೆಂಡಿನ ನಾಲ್ಕು ಚುರುಕು ಓಟ ಸೇರಿಸಿ, ನಡುವೆ ಒಂದೊಂದು ನಿಮಿಷ ನಡಿಗೆ. ಪೂರ್ತಿ ಜೋರು ಬೇಡ, ಹಗುರಾಗಿ ಕಾಲು ಬಿಚ್ಚಿದಂತೆ ಇರಲಿ. ಒಂದು ತಿಂಗಳ ನಂತರ ಇದಕ್ಕಿಂತ ಉದ್ದದ ಚುರುಕು ಓಟಗಳಿಗೆ ಕೈ ಹಾಕಿ. ವಾರದ ಓಟದಲ್ಲಿ ಹೆಚ್ಚುಪಾಲು ಮಾತಾಡುವ ವೇಗದಲ್ಲೇ ಇರಲಿ, ಪಳಗಿದ ಓಟಗಾರರೂ ಹಾಗೇ ಮಾಡುತ್ತಾರೆ.

"ಸ್ಪರ್ಧೆಗೆ ಹೆಸರು ಕೊಡ್ಲಾ?"

ಹೊಸ ದೂರಕ್ಕೆ ಕೊಡಿ. ಮೊದಲು ಹಾಫ್ ಮ್ಯಾರಥಾನ್ ಓಡಿದ್ದರೆ ಈಗ 5 ಕಿಲೋಮೀಟರಿಗೆ ಕೊಡಿ, ಹೋಲಿಸಲು ಹಳೇ ಸಮಯ ಇರುವುದಿಲ್ಲ. ಶುಲ್ಕ ಕಟ್ಟಿದ್ದೇನೆ ಅನ್ನುವ ಕಾರಣಕ್ಕೆ ನೋವಿಟ್ಟುಕೊಂಡು ಓಡಬೇಡಿ. ಆರಂಭದಲ್ಲಿ ಎಲ್ಲರಿಗಿಂತ ಹಿಂದೆ ನಿಲ್ಲಿ, ಆಗ ದಾರಿಯುದ್ದಕ್ಕೂ ನೀವೇ ಒಬ್ಬೊಬ್ಬರನ್ನು ದಾಟುತ್ತಾ ಹೋಗುತ್ತೀರಿ. ನಂಬರ್ ಚೀಟಿಗೆ ಸೇಫ್ಟಿ ಪಿನ್ ನಾಲ್ಕು ಮನೆಯಿಂದಲೇ ತಗೊಂಡು ಹೋಗಿ, ಅಲ್ಲಿ ಯಾವಾಗಲೂ ಖಾಲಿಯಾಗಿರುತ್ತವೆ.